ಬೆಟ್ಟ ತಂದ ಡೀಸೆಲ್ ಪೈಪು

ಹೂಂಗುಟ್ಟೋಕೆ ಒಬ್ಬರಾದರೂ ಎಚ್ಚರವಾಗಿರಿ. ಇಲ್ಲದಿದ್ದರೆ ನಾನು ಕತೆಯನ್ನ ಅರ್ಧಕ್ಕೇ ಮಡಚಿಕೊಂಡು ಎದ್ದು ಹೋಗ್ತೀನಿ, ಆಮೇಲೆ ಬೆಟ್ಟನ ಪೈಪು ಏನಾಯ್ತು ಅಂತ ನಿಮಗೆ ನಿದ್ದೆ ಬರಲ್ಲ.

ಒಂದೂರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಅವಳಿಗೆ ಇದ್ದದ್ದು ಹತ್ತು ಗುಂಟೆ ಕಬ್ಬಿನ ಗದ್ದೆ, ಒಂದು ಕರೀ ಹಸು, ಒಬ್ಬ ಮಗ. ಮಗನ ಹೆಸರು ಬೆಟ್ಟಸ್ವಾಮಿ, ಊರವರ ಬಾಯಲ್ಲಿ ಬೆಟ್ಟ. ಆಳು ನೋಡಿದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಬುದ್ಧಿ ಮಾತ್ರ ಇನ್ನೂ ಹೊಸಿಲು ದಾಟಿರಲಿಲ್ಲ.

ಬೇರೆ ತಾಯಂದಿರು "ನನ್ನ ಮಗ ಹೇಳಿದ ಮಾತು ಕೇಳಲ್ಲ" ಅಂತ ಅಳೋರು. ಚಿಕ್ಕತಾಯಮ್ಮ "ನನ್ನ ಮಗ ಹೇಳಿದ ಮಾತು ಕೇಳ್ತಾನಲ್ಲಪ್ಪಾ, ಏನ್ ಮಾಡ್ಲಿ!" ಅಂತ ಅಳೋಳು. "ಹಾಲು ಉಕ್ಕೋದನ್ನ ನೋಡ್ತಿರು" ಅಂದರೆ ಸಾಕು. ಹಾಲು ಉಕ್ಕಿ, ಒಲೆಗೆ ಸುರಿದು, ಬೆಂಕಿ ಆರಿ, ಪಾತ್ರೆ ಬರಿದಾಗೋವರೆಗೂ ಕಣ್ಣು ಮಿಟುಕಿಸದೆ ನೋಡಿ, "ಚೆನ್ನಾಗಿ ಉಕ್ತು ಕಣವ್ವಾ!" ಅನ್ನೋನು.

ಆ ವರ್ಷ ಚಿಕ್ಕತಾಯಮ್ಮನ ಕಬ್ಬು ಸೊಂಪಾಗಿ ಬಂತು. ಕಡಿಸಿ, ಗಾಡಿಯಲ್ಲಿ ಹೇರಿ, ಮರೀಗೌಡನ ಆಲೆಮನೆ ಮುಂದೆ ಒಟ್ಟಿದಳು. ಆ ಆಲೆಮನೆಗೆ ಒಂದು ಕಟ್ಟುಪಾಡು ಇತ್ತು. ಒಬ್ಬೊಬ್ಬರಿಗೆ ಮೂರು ದಿನದ ಸರದಿ. ಸರದಿ ಹಿಡಿದವರು ಮುಗಿಯೋವರೆಗೂ ಆಲೆಮನೆ ಬಿಟ್ಟು ಕದಲಬಾರದು, ಕದಲಿದರೆ ಸರದಿ ಮುಂದಿನವರಿಗೆ. ಯಾರ ಸರದಿಯಲ್ಲಿ ಏನು ಕೆಟ್ಟರೂ ಅವರೇ ಸರಿಮಾಡಿಸಬೇಕು. ಆಳುಗಳಿಗೆ ಊಟ ಹಾಕೋದೂ ಅವರೇ. ಚಿಕ್ಕತಾಯಮ್ಮನಿಗೆ ಬಿದ್ದದ್ದು ಸೋಮವಾರ, ಮಂಗಳವಾರ, ಬುಧವಾರ.

ಸೋಮವಾರ ಬೆಳಿಗ್ಗೆ ಮರೀಗೌಡ ಗಾಣದ ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸಿದ. ಡುಬ್ ಡುಬ್ ಡುಬ್ ಅಂತು. ನಾಲ್ಕು ಜಲ್ಲೆ ಗಾಣಕ್ಕೆ ಹೋಗಿತ್ತೋ ಇಲ್ಲವೋ, ಗೌಡ ಮೂಗರಳಿಸಿದ. ಬಗ್ಗಿ ನೋಡಿದ. ಟ್ಯಾಂಕಿನಿಂದ ಎಂಜಿನ್ನಿಗೆ ಡೀಸೆಲ್ ಒಯ್ಯುವ ರಬ್ಬರ್ ಪೈಪು ಒಣಗಿ ಸೆಟೆದು ಬಿರುಕು ಬಿಟ್ಟಿದೆ, ತೊಟ್ಟು ತೊಟ್ಟಾಗಿ ಡೀಸೆಲ್ ಸೋರ್ತಾ ಇದೆ! ಗೌಡ ಟ್ಯಾಂಕಿನ ನಲ್ಲಿ ತಿರುವಿ ಎಂಜಿನ್ ನಿಲ್ಲಿಸಿದ.

"ಚಿಕ್ಕತಾಯಕ್ಕ, ಇನ್ನು ಈ ಪೈಪು ಬದಲಾಯಿಸದೆ ಎಂಜಿನ್ ಮುಟ್ಟಲ್ಲ. ಆ ಕಡೆ ಕಾದ ಸೈಲೆನ್ಸರು, ಈ ಕಡೆ ಕೊಪ್ಪರಿಗೆ ಒಲೆ. ಒಂದು ಕಿಡಿ ಹಾರಿದ್ರೆ ನಿನ್ ಕಬ್ಬೂ ಇಲ್ಲ, ನನ್ ಆಲೆಮನೇನೂ ಇಲ್ಲ."

"ಬಟ್ಟೆ ಸುತ್ತಿದ್ರೆ ಆಗಲ್ವಾ ಮರಿಯಣ್ಣ?"

"ಬಟ್ಟೆ ಡೀಸೆಲ್ ಕುಡಿದ್ರೆ ಅದು ಪಂಜು ಆಯ್ತದೆ ಕಣಕ್ಕ! ಪೇಟೆಯಿಂದ ಹೊಸಾ ಪೈಪು ತರಿಸು."

ಯಾರನ್ನ ಕಳಿಸೋದು? ಚಿಕ್ಕತಾಯಮ್ಮ ಸರದಿ ಬಿಟ್ಟು ಕದಲೋ ಹಾಗಿಲ್ಲ. ಮರೀಗೌಡನಿಗೆ ಮಂಡಿನೋವು. ಬುಧವಾರ ಹೊತ್ತು ಮುಳುಗೋದರೊಳಗೆ ಕಬ್ಬು ಅರೆದು ಮುಗಿಸದಿದ್ದರೆ ಮತ್ತೆ ಸರದಿ ಬರೋದು ತಿಂಗಳ ಮೇಲೆ. ಅಷ್ಟರಲ್ಲಿ ಕಬ್ಬೆಲ್ಲ ಸೌದೆ. ಚಿಕ್ಕತಾಯಮ್ಮ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಕೊನೆಗೆ ನೋಡಬಾರದ ಕಡೆ ನೋಡಿದಳು. ಅಲ್ಲಿ ಬೆಟ್ಟ ಕಬ್ಬು ಸೀಳ್ತಾ ಕೂತಿದ್ದ.

"ಬೆಟ್ಟಾ, ಪೇಟೇಲಿ ಗಫಾರ್ ಸಾಬ್ರ ಅಂಗಡಿಗೆ ಹೋಗು. ಈ ಹಳೇ ಪೈಪು ತೋರ್ಸು. ಇದರಂಗೇ ಇರೋದು ತಾ. ಒಂಚೂರೂ ಹೆಚ್ಚುಕಮ್ಮಿ ಇರ್ಬಾರ್ದು ಕಣ್ಲಾ!"

"ಆಯ್ತು ಕಣವ್ವಾ!"

ಬೆಟ್ಟ ದಾರಿಯುದ್ದಕ್ಕೂ "ಇದರಂಗೇ ಇರ್ಬೇಕು, ಇದರಂಗೇ ಇರ್ಬೇಕು" ಅಂತ ಬಾಯಿಪಾಠ ಮಾಡಿಕೊಂಡು ಹೋದ. ಗಫಾರ್ ಸಾಬರು ಎಂಜಿನ್ ಸಾಮಾನಿನ ಅಂಗಡಿಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಹಳೇ ಪೈಪಿನ ತೂತಕ್ಕೆ ಕಡ್ಡಿ ತೂರಿಸಿ ಅಳತೆ ನೋಡಿ, ಅದೇ ಅಳತೆಯ ಹೊಸ ಪೈಪು ತೆಗೆದಿಟ್ಟರು. ಕಪ್ಪಗೆ, ಮೆತ್ತಗೆ, ಮೈಮೇಲೆ ಬಿಳೀ ಅಕ್ಷರ.

ಬೆಟ್ಟ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ. ಮುಖ ಸಪ್ಪಗಾಯಿತು.

"ಸಾಬ್ರೇ, ಇದರಲ್ಲಿ ಬಿರುಕೇ ಇಲ್ಲ!"

"ಬಿರುಕು ಯಾಕಪ್ಪಾ? ಹೊಸದಲ್ವಾ?"

"ನಮ್ಮದರಲ್ಲಿ ಮೂರು ಬಿರುಕು ಅವೆ. ಇದರಂಗೇ ಇರ್ಬೇಕು ಅಂದವ್ಳೆ ಅವ್ವ!"

ಸಾಬರು ಗಡ್ಡ ಕೆರೆದುಕೊಂಡರು. ಬೆಟ್ಟ ಅವರ ಉತ್ತರಕ್ಕೆ ಕಾಯಲಿಲ್ಲ. ಗುಜರಿ ಅಂಗಡಿಗೆ ಹೋದ. ತುಕ್ಕಿನ ರಾಶಿಯಲ್ಲಿ ಮಧ್ಯಾಹ್ನದವರೆಗೂ ಕೆದಕಿದ. ಸಿಕ್ಕಿತು! ಅದೇ ಉದ್ದ, ಅದೇ ದಪ್ಪ, ಅದೇ ಸೆಟೆತ. ಆದರೆ ಬಿರುಕು ಎರಡೇ. ಗುಜರಿಯವನ ಕೈಲಿ ಚಾಕುವಿನಿಂದ ಮೂರನೇದನ್ನ ಹಾಕಿಸಿಕೊಂಡು, ಎದೆ ಉಬ್ಬಿಸಿಕೊಂಡು ಬಂದ.

"ಅವ್ವಾ, ನೋಡು! ಯಾವುದು ಹಳೇದು, ಯಾವುದು ಹೊಸದು, ಹೇಳು ನೋಡಾನ!"

ಚಿಕ್ಕತಾಯಮ್ಮ ನೋಡಿದಳು. ಅವಳಿಗೂ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಎರಡರಿಂದಲೂ ಬಾರಿಸಿದಳು.

"ಅಯ್ಯೋ ನನ್ನ ಹಣೆಬರವೇ! ಸೋರೋ ಪೈಪಿಗೆ ಬದಲು ಸೋರೋ ಪೈಪೇ ತಂದ್ಯಲ್ಲೋ!"

"ನೀನು ಹೇಳಿದಂಗೇ ಮಾಡ್ದೆ ಕಣವ್ವಾ!"

"ತಗೊಳ್ಳೋವಾಗ ಕೈಲಿ ಹಿಡಿದು ಬಗ್ಗಿಸಿ ನೋಡ್ಬೇಕು ಕಣೋ! ಬಗ್ಗಿಸಿದ್ರೆ ಬಾಗ್ಬೇಕು, ಬಿರೀಬಾರ್ದು. ಬಿರಿದ್ರೆ ಅಲ್ಲೇ ಬಿಸಾಕು!"

"ಆಯ್ತು ಕಣವ್ವಾ!"

ಅಷ್ಟು ಹೊತ್ತಿಗೆ ಸಂಜೆಯಾಗಿತ್ತು, ಪೇಟೆ ಅಂಗಡಿ ಮುಚ್ಚಿತ್ತು. ಗಾಣ ನಿಂತರೂ ಆಳುಗಳ ಹೊಟ್ಟೆ ನಿಲ್ಲುತ್ತದೆಯೇ? ನಾಲ್ಕು ಜನ ಸಾಲಾಗಿ ಕೂತು ಊಟಕ್ಕೆ ಕಾಯ್ತಿದ್ದರು. ಚಿಕ್ಕತಾಯಮ್ಮನಿಗೆ ತಂಗಿಯ ಮನೆಯಲ್ಲಿ ಹಪ್ಪಳ ಒಣಗಿಸಿಟ್ಟದ್ದು ನೆನಪಾಯಿತು. "ನಿಮ್ಮ ಚಿಕ್ಕಮ್ಮನ ಮನೆಗೆ ಹೋಗಿ ನಲವತ್ತು ಹಪ್ಪಳ ಈಸ್ಕೊಂಡು ಬಾ" ಅಂತ ಬೆಟ್ಟನನ್ನ ಕಳಿಸಿದಳು. ಚಿಕ್ಕಮ್ಮ ಎಣಿಸಿ ಮೊರದಲ್ಲಿಟ್ಟು ಕೊಟ್ಟಳು.

ಬೆಟ್ಟ ಈಗ ಹಳೇ ಬೆಟ್ಟ ಅಲ್ಲ, ಬೈಸಿಕೊಂಡು ಕಲಿತವನು. ಬೀದಿಗೆ ಬಂದವನೇ ಒಂದು ಹಪ್ಪಳ ತೆಗೆದ. ಬಗ್ಗಿಸಿದ. ಪಟ್! ಬಿರಿಯಿತು, ಬಿಸಾಕಿದ. ಇನ್ನೊಂದು ತೆಗೆದ. ಬಗ್ಗಿಸಿದ. ಪಟ್! ಬಿಸಾಕಿದ. "ಏನು ಚಿಕ್ಕಮ್ಮಾ, ಎಲ್ಲಾ ಸೋರೋ ಮಾಲೇ ಕೊಟ್ಟವ್ಳಲ್ಲ!" ಅಂದುಕೊಂಡ. ಪಟ್! ಪಟ್! ಪಟ್! ಹಿಂದೆ ಊರ ಕೋಳಿಗಳೆಲ್ಲ ಮೆರವಣಿಗೆ ಹೊರಟವು. ಬೆಟ್ಟ ಆಲೆಮನೆಗೆ ಬಂದಾಗ ಕೈಲಿ ಬರೀ ಮೊರ.

"ಹಪ್ಪಳ ಎಲ್ಲೋ?"

"ನಲವತ್ತನ್ನೂ ಬಗ್ಗಿಸಿ ನೋಡ್ದೆ ಕಣವ್ವಾ. ಒಂದೂ ಬಾಗಲಿಲ್ಲ! ಬಿಸಾಕ್ದೆ."

ಆಳುಗಳು ಬರೀ ಮುದ್ದೆಯ ಮುಂದೆ ಕೂತು ಬೆಟ್ಟನನ್ನ ದುರುಗುಟ್ಟಿ ನೋಡಿದರು. ಚಿಕ್ಕತಾಯಮ್ಮ ಮೊರ ತಗೊಂಡು ಅವನ ಬೆನ್ನಿಗೆ ಎರಡು ಬಿಗಿದಳು.

"ಹಪ್ಪಳಾನ ಯಾರಾದ್ರೂ ಬಗ್ಗಿಸ್ತಾರೇನೋ, ಮುಠ್ಠಾಳ! ಒಳ್ಳೇದೋ ಕೆಟ್ಟದ್ದೋ ತಿಳೀಬೇಕು ಅಂದ್ರೆ ಒಂದು ಚೂರನ್ನ ಎಣ್ಣೆಗೆ ಬಿಡು. ಅರಳಿದ್ರೆ ಒಳ್ಳೇದು! ಅರಳದೆ ಹಂಗೇ ಕೂತಿದ್ರೆ ದಂಡ!"

"ನೀನು ಹೇಳಿದಂಗೇ ಮಾಡ್ತೀನಿ ಕಣವ್ವಾ!"

ಮಂಗಳವಾರ ಬೆಳಗಾಯಿತು. ಒಟ್ಟಿದ ಕಬ್ಬಿನ ತುದಿ ಆಗಲೇ ಬಾಡಿತ್ತು. "ಓಡು ಬೆಟ್ಟಾ, ಹೊಸಾ ಪೈಪು ತಾ. ಒಳ್ಳೇದು ಯಾವುದು ಅಂತ ನೋಡಿ ತಾ" ಅಂದಳು ಅವ್ವ.

ಗಫಾರ್ ಸಾಬರು ಇವನನ್ನ ದೂರದಿಂದಲೇ ಕಂಡು ಒಳಗೊಳಗೇ ನಕ್ಕು, ಎರಡು ಪೈಪು ತೆಗೆದಿಟ್ಟರು. "ನೋಡಪ್ಪಾ, ಈ ಅಕ್ಷರ ಇರೋದು ಡೀಸೆಲ್‌ಗೆ. ಈ ಬಣ್ಣದ್ದು ತೋಟಕ್ಕೆ ನೀರು ಬಿಡೋಕೆ. ನಿನಗೆ ಬೇಕಾದ್ದು ಮೊದಲನೇದು."

"ನೀವು ಹೇಳಿದ್ರೆ ಆಗಲ್ಲ ಸಾಬ್ರೇ, ನಾನೇ ನೋಡ್ಬೇಕು. ಒಂಚೂರು ಎಣ್ಣೆ ಕೊಡಿ."

ಸಾಬರಿಗೆ ತಮಾಷೆ ಅನ್ನಿಸಿತು. ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ಹನಿ ಡೀಸೆಲ್ ಹಾಕಿ ಕೊಟ್ಟರು. ಬೆಟ್ಟ ಎರಡು ಪೈಪಿನಿಂದಲೂ ಉಗುರಿನಷ್ಟು ಚೂರು ಕತ್ತರಿಸಿ ಅದರಲ್ಲಿ ಮುಳುಗಿಸಿ, ಅಂಗಡಿ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತ. ಬಂದ ಗಿರಾಕಿಗಳಿಗೆಲ್ಲ "ಸುಮ್ನಿರಿ, ಅರಳ್ತಾ ಅದೆ" ಅಂದ. ಹೊತ್ತು ನೆತ್ತಿಗೆ ಬಂತು. ಹೊತ್ತು ಇಳಿಯಿತು. ಡೀಸೆಲ್ ಪೈಪಿನ ಚೂರು ಹಾಕಿದ್ದು ಹಾಕಿದ ಹಾಗೇ ಕೂತಿತ್ತು, ಜಪ್ಪಯ್ಯ ಅನ್ನಲಿಲ್ಲ. ನೀರಿನ ಪೈಪಿನ ಚೂರು ಡೀಸೆಲ್ ಕುಡಿದೂ ಕುಡಿದೂ ಊದಿ, ನೆನೆದ ಕಡಲೆಕಾಳಿನಂಗೆ ಉಬ್ಬಿತು.

"ಅರಳ್ತು! ಸಾಬ್ರೇ, ಅರಳ್ತು! ಇದೇ ಒಳ್ಳೇದು, ಇದನ್ನೇ ಕೊಡಿ!"

"ಅಯ್ಯಾ, ಅರಳೋದೇ ಅದರ ಕೆಡುಕು ಕಣಯ್ಯಾ! ಡೀಸೆಲ್‌ಗೆ ಆಗಿಬರದ ರಬ್ಬರ್ರು ಅದು!"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಬೆಟ್ಟ ನೀರಿನ ಪೈಪನ್ನ ಹೆಗಲಿಗೆ ಹಾರದ ಹಾಗೆ ಹಾಕಿಕೊಂಡು, ಅರಳಿದ ಚೂರನ್ನ ಮುಷ್ಟಿಯಲ್ಲಿ ಹಿಡಿದುಕೊಂಡು ಊರಿಗೆ ಬಂದ. ಮರೀಗೌಡ ಆ ಚೂರನ್ನ ಎರಡು ಬೆರಳಲ್ಲಿ ಹಿಸುಕಿದ. ಕೊಳೆತ ಬಾಳೆಹಣ್ಣಿನಂಗೆ ಪಿಚಕ್ ಅಂತು.

"ಇದನ್ನ ಹಾಕಿದ್ರೆ ಒಳಗೊಳಗೇ ಊದ್ಕೊಂಡು ದಾರಿ ಮುಚ್ತದೆ. ಇಲ್ಲಾ ಅಂದ್ರೆ ಕಿತ್ಕೊಂಡು ಸೈಲೆನ್ಸರ್ ಮೇಲೆ ಡೀಸೆಲ್ ಉಗೀತದೆ. ಚಿಕ್ಕತಾಯಕ್ಕ, ನಿನ್ ಮಗ ಹುಡುಕಿ ಹುಡುಕಿ ಬೆಂಕಿ ತತ್ತಾನಲ್ಲ!"

ಈ ಸಲ ಚಿಕ್ಕತಾಯಮ್ಮ ಹೊಡೆಯಲಿಲ್ಲ. ಕಬ್ಬಿನ ರಾಶಿಗೆ ಒರಗಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಒಂದು ವರ್ಷ ನೀರು ಕಟ್ಟಿದ ಕಬ್ಬು, ಕಣ್ಣೆದುರಿಗೇ ಒಣಗ್ತಾ ಇದೆ. ಬೆಟ್ಟನಿಗೆ ಅರ್ಥವಾಗಲಿಲ್ಲ. ಅವ್ವ ಹೇಳಿದ್ದನ್ನ ಒಂದಕ್ಷರ ಬಿಡದೆ ಮಾಡಿದ್ದೀನಿ, ಆದರೂ ಅವ್ವ ಯಾಕೆ ಅಳ್ತಾಳೆ? ಅವಳ ಪಕ್ಕ ಕೂತು ಅವನೂ ಅತ್ತ.

"ಅಳಬ್ಯಾಡ ಕಣವ್ವಾ. ಇನ್ನೊಂದು ಸಲ ಹೇಳು, ಇನ್ನೂ ಚೆನ್ನಾಗಿ ಮಾಡ್ತೀನಿ."

ಅವ್ವನಿಗೆ ಅಳುವಿನ ನಡುವೆಯೂ ಭಯವಾಯಿತು. ಯೋಚನೆ ಮಾಡಿ, ತೂಗಿ, ಅಳೆದು ಹೇಳಿದಳು: "ನೀನು ಏನೂ ನೋಡಬ್ಯಾಡ, ಏನೂ ಆರಿಸಬ್ಯಾಡ. ಸಾಬ್ರು ಏನು ಕೊಟ್ರೂ ಈಸ್ಕೋ. ಬಾಯಿ ಬಿಡಬ್ಯಾಡ. ತಿರುಗಿ ನೋಡಬ್ಯಾಡ. ಸೀದಾ ಬಂದುಬುಡು. ಅಷ್ಟೇ!"

ಬುಧವಾರ ಕೋಳಿ ಕೂಗೋ ಹೊತ್ತಿಗೆ ಬೆಟ್ಟ ಹೊರಟ. ಸಾಬರು ಅಂಗಡಿ ಬಾಗಿಲು ತೆಗೀತಿದ್ದರು. ಮರದ ಸ್ಟೂಲು ಮುಂದಕ್ಕೆ ತಳ್ಳಿ "ಕೂತ್ಕೊಳಪ್ಪಾ" ಅಂದರು. ಬೆಟ್ಟ ಸ್ಟೂಲು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಚಳಿ ಇದೆ, ತಗೋ" ಅಂತ ಒಂದು ಲೋಟ ಚಹಾ ಕೊಟ್ಟರು. ತಗೊಂಡ, ಕುಡಿಯಲಿಲ್ಲ. ಬಾಯಿ ಬಿಡಬಾರದಲ್ಲ! ಸಾಬರು ಸರಿಯಾದ ಪೈಪನ್ನೇ ಕತ್ತರಿಸಿ, ಎರಡು ಕ್ಲಿಪ್ಪು ಜೊತೆಗಿಟ್ಟು ಕೊಟ್ಟರು.

"ಕೇಳಪ್ಪಾ, ಮನೇಲಿ ಹೇಳು. ಇದಕ್ಕೆ ಬಿಸಿ ತಗಲಬಾರದು. ಎಳೆದು ಕಟ್ಟಬಾರದು, ಒಂಚೂರು ಸಡಿಲ ಇರಲಿ. ಕತ್ತು ಮುರಿದಂಗೆ ಮಡಚಬಾರದು. ಕ್ಲಿಪ್ಪು ಸೋರದಷ್ಟು ಬಿಗೀಬೇಕು, ರಬ್ಬರ್ ಕೊಯ್ಯೋವಷ್ಟು ಬಿಗೀಬಾರದು. ಆಗಾಗ ಮುಟ್ಟಿ ನೋಡ್ತಿರಬೇಕು."

ಬೆಟ್ಟ ತಲೆಯಾಡಿಸಿದ. ತಿರುಗಿದ. ಸೀದಾ ಹೊರಟ. "ಲೋ! ನನ್ನ ಸ್ಟೂಲು! ನನ್ನ ಲೋಟ!" ಅಂತ ಸಾಬರು ಬೀದಿ ತುದಿಯವರೆಗೂ ಓಡಿ ಬಂದರು. ಬೆಟ್ಟ ತಿರುಗಿ ನೋಡಲಿಲ್ಲ. ಅವ್ವನ ಮಾತು ಅಂದರೆ ಮಾತು.

ಆಲೆಮನೆಗೆ ಬಂದು ಸ್ಟೂಲು ಇಳಿಸಿದ, ತಣ್ಣಗಾದ ಚಹಾ ಇಟ್ಟ, ಪೈಪು ಇಟ್ಟ. ಮರೀಗೌಡ ಪೈಪು ಬಗ್ಗಿಸಿದ, ಮೂಸಿದ, ಅಕ್ಷರ ನೋಡಿದ. "ಅಕ್ಕಾ, ಇದು ಸರಿಯಾದ ಮಾಲು ಕಣಕ್ಕಾ!" ಅಂದ.

"ಸಾಬ್ರು ಏನಾರ ಹೇಳಿದ್ರೇನೋ?"

"ಉಂ."

"ಏನ್ ಹೇಳಿದ್ರೋ?"

"ಉಂ ಉಂ."

"ಬಾಯಿ ಬಿಡೋ, ನಿನ್ ಮನೆ ಕಾಯ್ವಾಗ!"

ಬೆಟ್ಟ ಬಾಯಿ ಬಿಟ್ಟ. ಸಾಬರು ಹೇಳಿದ್ದನ್ನೆಲ್ಲ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ. ಬಿಸಿ ತಗಲಬಾರದು, ಎಳೀಬಾರದು, ಕತ್ತು ಮುರಿದಂಗೆ ಮಡಚಬಾರದು, ಆಗಾಗ ಮುಟ್ಟಿ ನೋಡ್ತಿರಬೇಕು. ಚಿಕ್ಕತಾಯಮ್ಮನಿಗೆ ಸಂತೋಷಕ್ಕೆ ನೆಲ ಕಾಣಲಿಲ್ಲ. ಆ ಸಂತೋಷದಲ್ಲೇ ಬಾಯಿ ಜಾರಿದಳು.

"ಅಂದ್ರೆ ಹಸುಗೂಸು ನೋಡ್ಕಂಡಂಗೆ ನೋಡ್ಕಬೇಕು ಅನ್ನು. ಇವತ್ತೊಂದಿನ ನೀನೇ ನೋಡ್ಕೋ ಬೆಟ್ಟಾ!"

"ಹಸುಗೂಸು ನೋಡ್ಕಂಡಂಗೆ! ಆಯ್ತು ಕಣವ್ವಾ!"

ನೀವಾಗಲೇ ನಗ್ತಾ ಇದ್ದೀರಿ. ತಡೆಯಿರಿ, ಗಾಣ ಇನ್ನೂ ತಿರುಗಿಲ್ಲ.

ಮರೀಗೌಡ ನಲ್ಲಿ ಮುಚ್ಚಿ, ಪೈಪಿನ ಎರಡು ತುದಿಯನ್ನೂ ಕೊನೆಮುಟ್ಟ ತೂರಿಸಿ, ಕ್ಲಿಪ್ಪು ಬಿಗಿದು, ಸೈಲೆನ್ಸರಿನಿಂದ ಗೇಣು ದೂರಕ್ಕೆ ಸರಿಸಿದ. ಬೆಟ್ಟ ಪಕ್ಕದಲ್ಲೇ ಕೂತು ಕಣ್ಣರಳಿಸಿ ನೋಡಿದ. ಗೌಡ ನಲ್ಲಿ ಬಿಟ್ಟ, ಹ್ಯಾಂಡಲ್ ತಿರುಗಿತು. ಡುಬ್ ಡುಬ್ ಡುಬ್! ಒಂದು ತೊಟ್ಟೂ ಸೋರಲಿಲ್ಲ. ಕಬ್ಬು ಒಳಗೆ ಹೋಯಿತು, ಕಬ್ಬಿನ ಹಾಲು ಹೊರಗೆ ಬಂತು, ಕೊಪ್ಪರಿಗೆ ತುಂಬಿತು. ಮಧ್ಯಾಹ್ನದ ಹೊತ್ತಿಗೆ ಅರ್ಧ ರಾಶಿ ಕರಗಿತ್ತು. ಎಂಜಿನ್ ನಿಲ್ಲಿಸಿ ಎಲ್ಲರೂ ಆಲೆಮನೆ ಹಿಂದಿನ ನೆರಳಿಗೆ ಉಣ್ಣೋಕೆ ಹೋದರು.

ಬೆಟ್ಟ ಹೋಗಲಿಲ್ಲ. ಪೈಪು ಮುಟ್ಟಿ ನೋಡಿದ. ಬೆಚ್ಚಗಿತ್ತು.

ಉಂಡು ಕೈ ತೊಳೆದು ಬಂದ ಮರೀಗೌಡ ಹ್ಯಾಂಡಲ್ ಹಾಕಿದ. ತಿರುಗಿಸಿದ. ಎಂಜಿನ್ ಉಸಿರೆತ್ತಲಿಲ್ಲ. ಇನ್ನೊಂದು ಸಲ ತಿರುಗಿಸಿದ, ಬೆವರು ಇಳೀತು. ಬಗ್ಗಿ ನೋಡಿದ.

"ಅಕ್ಕಾ! ಪೈಪೇ ಇಲ್ಲ!"

"ಏನಂದೆ?"

"ಟ್ಯಾಂಕಿನ ನಲ್ಲಿ ಮುಚ್ಚವ್ರೆ, ಕ್ಲಿಪ್ಪು ಬಿಚ್ಚಿ ಸ್ಟೂಲ್ ಮೇಲೆ ಇಟ್ಟವ್ರೆ, ಪೈಪು ಮಾತ್ರ ಇಲ್ಲ! ಯಾರೋ ಕೆಲಸ ಬಲ್ಲೋನೇ ಕದ್ದವ್ನೆ!"

ಚಿಕ್ಕತಾಯಮ್ಮ ಎದೆ ಎದೆ ಬಡಿದುಕೊಂಡಳು. ಅರ್ಧ ಕಬ್ಬು ಹಾಗೇ ಇದೆ, ಹೊತ್ತು ವಾಲ್ತಾ ಇದೆ, ನಾಳೆಯ ಸರದಿಯವರ ಗಾಡಿಗಳು ಆಗಲೇ ಬಂದು ನಿಂತಿವೆ! ಆಳುಗಳು ಸಿಪ್ಪೆ ರಾಶಿ ಕೆದಕಿದರು, ಒಲೆ ಹಿಂದೆ ನೋಡಿದರು, ದಾರಿಗೆ ಓಡಿದರು. ಪೈಪೂ ಇಲ್ಲ, ಬೆಟ್ಟನೂ ಇಲ್ಲ.

ಆಗ ಹೊಂಗೆ ಮರದ ಕಡೆಯಿಂದ ಸಣ್ಣಗೆ ಒಂದು ದನಿ ಕೇಳಿಸಿತು. "ಜೋ ಜೋ... ಅಳಬ್ಯಾಡ ಕಣ್ ಮರೀ... ಜೋ ಜೋ..."

ಎಲ್ಲರೂ ಓಡಿದರು. ಕೊಂಬೆಗೆ ಚಿಕ್ಕತಾಯಮ್ಮನ ಹಳೇ ಸೀರೆಯ ಜೋಲಿ ಕಟ್ಟಿದೆ. ಬೆಟ್ಟ ಮೆಲ್ಲಗೆ ತೂಗ್ತಾ ಇದ್ದಾನೆ. ಜೋಲಿಯೊಳಗೆ ತಣ್ಣೀರು ಬಟ್ಟೆ ಸುತ್ತಿಕೊಂಡು, ಹಣೆಗೆ ದೃಷ್ಟಿಬೊಟ್ಟು ಇಡಿಸಿಕೊಂಡು ಮಲಗಿದೆ ಡೀಸೆಲ್ ಪೈಪು!

"ಶ್! ಗಲಾಟೆ ಮಾಡ್ಬೇಡಿ. ಮೈ ಬಿಸಿ ಇತ್ತು, ಈಗ ಇಳೀತು. ಇವಾಗಿನ್ನ ಕಣ್ಮುಚ್ತು."

ಚಿಕ್ಕತಾಯಮ್ಮ ಜೋಲಿಗೆ ಕೈ ಹಾಕಿ ಪೈಪು ಎಳೆದುಕೊಂಡಳು.

"ಅವ್ವಾ, ಹಂಗೆ ಎತ್ತಬ್ಯಾಡ! ಇನ್ನೂ ಕತ್ತು ನಿಂತಿಲ್ಲ!"

ಮರೀಗೌಡ ಮಂಡಿನೋವು ಮರೆತು ಓಡಿ ಬಂದು ಪೈಪು ಕಸಿದುಕೊಂಡ. ಅವಸರದಲ್ಲಿ ಒಳಗೆ ಊದಿ ನೋಡೋದೂ ಮರೆತ. ತೂರಿಸಿದ, ಬಿಗಿದ, ನಲ್ಲಿ ಬಿಟ್ಟ, ಹ್ಯಾಂಡಲ್ ತಿರುಗಿಸಿದ. ಎಂಜಿನ್ "ಗೊರ್... ಗೊರ್... ಗೊರಕ್" ಅಂತ ಕೆಮ್ಮಿ ನಿಂತಿತು. ಮತ್ತೆ ತಿರುಗಿಸಿದ. "ಗೊರಕ್!" ಪೈಪು ಬಿಚ್ಚಿ ತಲೆಕೆಳಗೆ ಮಾಡಿದರೆ ಬೆಳ್ಳಗೆ ಎರಡು ತೊಟ್ಟು ಇಳಿಯಿತು. ಗೌಡ ಬೆರಳಲ್ಲಿ ಮುಟ್ಟಿ ಮೂಸಿ ನೋಡಿದ.

"ಹಾಲು!"

"ಹೂಂ, ನಮ್ಮ ಕರೀ ಹಸೂದು ಹಸೀ ಹಾಲು. ಬೆಳಿಗ್ಗೆಯಿಂದ ಬರೀ ಡೀಸೆಲ್ ಕುಡಿಸಿದ್ರೆ ಕೂಸು ಬದುಕ್ತದಾ? ಕೂಸಿಗೆ ಹಾಲು ಹಾಕೋ ಒಳಲೇಲಿ ಕುಡಿಸ್ದೆ. ಎರಡು ಒಳಲೆ ಕುಡೀತು ಪಾಪ!"

ಆಳುಗಳು ನೆಲಕ್ಕೆ ಬಿದ್ದು ನಕ್ಕರು. ಚಿಕ್ಕತಾಯಮ್ಮ ನಗಬೇಕೋ ಅಳಬೇಕೋ ಗೊತ್ತಾಗದೆ ಸಾಬರ ಸ್ಟೂಲಿನ ಮೇಲೆ ಕುಸಿದಳು. ಹೊತ್ತು ತೆಂಗಿನ ತಲೆಗೆ ಇಳಿದಿತ್ತು. ಮರೀಗೌಡ ಪೈಪು ತೊಳೆದ, ಒಣಗಿಸಿದ, ಎಂಜಿನ್ನಿನ ಹೊಟ್ಟೆಯ ತಿರುಪು ಬಿಚ್ಚಿ ಹಾಲು ಬೆರೆತ ಡೀಸೆಲನ್ನ ಡಬ್ಬಿಗೆ ಇಳಿಸಿದ, ಚೊಕ್ಕ ಡೀಸೆಲ್ ಬರೋವರೆಗೂ ಬಿಟ್ಟ. "ಈ ಸಲ ಹತ್ತಲಿಲ್ಲ ಅಂದ್ರೆ ಮುಗೀತು ಅಕ್ಕಾ" ಅಂದ. ಆಳುಗಳ ನಗು ನಿಂತಿತು. ಚಿಕ್ಕತಾಯಮ್ಮ ಕಣ್ಣು ಮುಚ್ಚಿ ಮನೆದೇವರನ್ನ ನೆನೆದಳು. ನಾಲ್ಕು ಜನ ಆಳು ಒಬ್ಬರಾದ ಮೇಲೆ ಒಬ್ಬರು ಹ್ಯಾಂಡಲ್ ಹಿಡಿದು ತಿರುಗಿಸಿದರು.

ತಿರುಗಿಸಿದರು, ತಿರುಗಿಸಿದರು. ಒಳಗೆಲ್ಲೋ ಗುಡುಗುಡು ಅಂತು. ಸೈಲೆನ್ಸರಿನಿಂದ ಬುಸ್ ಅಂತ ಬೆಳ್ಳಗೆ ಒಂದು ಮೋಡ ಹೊಗೆ ಹಾರಿತು. ಅದರ ಹಿಂದೆಯೇ ಊರಿಗೆಲ್ಲ ಕೇಳೋ ಹಾಗೆ ಒಂದು "ಡುಬುಕ್!"

ಆಮೇಲೆ ಡುಬ್ ಡುಬ್ ಡುಬ್ ಡುಬ್ ಅಂತ ಗಾಣ ತಿರುಗೇ ತಿರುಗಿತು. ಕೊನೇ ಜಲ್ಲೆ ಒಳಗೆ ಹೋಗೋವರೆಗೂ ನಿಲ್ಲಲಿಲ್ಲ. ಚಿಕ್ಕತಾಯಮ್ಮ ಕಣ್ಣೀರು ಒರೆಸಿಕೊಂಡು ಕೈ ಮುಗಿದಳು.

ಆ "ಡುಬುಕ್" ಕೇಳಿದ್ದೇ ತಡ, ಬೆಟ್ಟ ಮಾತ್ರ ಎಂಜಿನ್ನಿನ ಬೆನ್ನು ಸವರ್ತಾ, ಹಲ್ಲು ಕಿರಿದು ಕೂಗಿದ:

"ತೇಗ್ತು ಕಣವ್ವಾ! ಕೂಸು ತೇಗ್ತು! ಇನ್ನೆರಡು ಒಳಲೆ ಕುಡಿಸ್ಲಾ?"